ಒಳಕೋಣೆಯ ಹುಳ

ರಾಮನಗರದಿಂದ ಕನಕಪುರಕ್ಕೆ ಹೋಗುವ ಬಸ್ಸು ಹತ್ತಿ ನಮ್ಮೂರ ಹೆಸರು ಹೇಳಿದರೆ ಕಂಡಕ್ಟರು ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಅಲ್ಲಿ ಸ್ಟಾಪಿಲ್ಲ. ಹುಣಸೆಮರದ ಹತ್ತಿರ ಇಳಿದು, ಬಂಡೆ ಪಕ್ಕದ ಮಣ್ಣುದಾರಿಯಲ್ಲಿ ಅರ್ಧ ಗಂಟೆ ನಡೆದರೆ ನಮ್ಮ ಎರಡೆಕರೆ ಸಿಗುತ್ತದೆ. ಅಲ್ಲಿ ಮನುಷ್ಯರು ಮೂವರೇ: ನಾನು, ನನ್ನ ಗಂಡ, ಅವರ ಅಕ್ಕ. ಮಿಕ್ಕವರಲ್ಲಿ ಕೆಲವರಿಗೆ ನಾಲ್ಕು ಕಾಲು, ಕೆಲವರಿಗೆ ಎರಡು, ಇನ್ನು ಕೆಲವರ ಕಾಲು ಎಣಿಸುವ ತಾಳ್ಮೆ ನನಗಂತೂ ಇಲ್ಲ. ಎರಡು ಸೀಮೆಹಸು, ಐದು ಮೇಕೆ, ಮನೆಯೆಲ್ಲ ತಮ್ಮದೇ ಎಂದುಕೊಂಡ ಕೋಳಿಗಳು, ಇಲಿ ಹಿಡಿಯುವುದನ್ನು ಬಿಟ್ಟು ಮಿಕ್ಕೆಲ್ಲ ಮಾಡುವ ಒಂದು ಬೆಕ್ಕು, ಮತ್ತೆ ಅಕ್ಕನ ರೇಷ್ಮೆಹುಳ. ನಾಯಿಯ ವಿಷಯ ಆಮೇಲೆ ಹೇಳುತ್ತೇನೆ. ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ನಾನು ಚನ್ನಪಟ್ಟಣದ ಪೇಟೆಯಲ್ಲಿ ಬೆಳೆದವಳು. ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಮನೆಯಲ್ಲಿ ಗೊಂಬೆ ಕಡೆಯುತ್ತಿದ್ದರು. ಹಸು, ಕುದುರೆ, ಆನೆ ಎಲ್ಲವನ್ನೂ ನಾನು ಮೊದಲು ನೋಡಿದ್ದು ಮರದಲ್ಲಿ, ಕೆಂಪು ಹಳದಿ ಬಣ್ಣದಲ್ಲಿ. ಅವು ಸಗಣಿ ಹಾಕುತ್ತಿರಲಿಲ್ಲ, ಒದೆಯುತ್ತಿರಲಿಲ್ಲ, ಸಾಯುತ್ತಲೂ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ನಿಜವಾದ ಹಸು ನನ್ನ ಪಾದದ ಮೇಲೆ ಕಾಲಿಟ್ಟಾಗ ಜಗುಲಿಯ ಮೇಲೆ ಕೂತು ಅತ್ತಿದ್ದೆ. ಗಂಡ ಬಿಡದಿಯ ಕಾರ್ಖಾನೆಯಲ್ಲಿ ಕೆಲಸದವರು. ಬೆಳಿಗ್ಗೆ ಹೋದರೆ ಸಂಜೆಯೇ ಮನೆ ಕಾಣುವುದು. ಹಾಗಾಗಿ ಈ ಕಾಲುಗಳ ಸಂಸಾರವೆಲ್ಲ ನನ್ನ ತಲೆಗೆ ಬಂತು. ಹತ್ತು ವರ್ಷ ತಗುಲಿತು, ಆದರೆ ಕಲಿತೆ. ಹಸು ಬೆದೆಗೆ ಬಂದಿದೆ ಎಂದು ಕೂಗಿನಲ್ಲೇ ಹೇಳಬಲ್ಲೆ. ಕಾವಿಗೆ ಕೂತ ಕೋಳಿಯ ಕೆಳಗೆ ಕೈಹಾಕಿ ಕುಕ್ಕಿಸಿಕೊಳ್ಳದೆ ಮೊಟ್ಟೆ ತೆಗೆಯಬಲ್ಲೆ. ಒಸಿ ಜಂಬವೂ ಬಂದಿತ್ತು ಅನ್ನಿ.

ಅಕ್ಕ ನಮ್ಮ ಮನೆಗೆ ಬಂದದ್ದು ಆಮೇಲೆ. ಅವಳನ್ನು ಕೊಟ್ಟಿದ್ದು ಉಯ್ಯಂಬಳ್ಳಿ ಕಡೆಗೆ. ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ಹೊಲಕ್ಕೆ ಆನೆ ಇಳಿಯುವುದು ನಿಲ್ಲಲಿಲ್ಲ. ತಮ್ಮನೇ ಹೋಗಿ ಕರೆದುಕೊಂಡು ಬಂದರು. ಬರುವಾಗ ಅವಳು ತಂದದ್ದು ಒಂದು ಟ್ರಂಕು ಮತ್ತು ಹನ್ನೆರಡು ಚಂದ್ರಿಕೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ, ಬಿದಿರಿನ ಸುತ್ತು ಸುತ್ತಾದ ಆ ದೊಡ್ಡ ತಟ್ಟೆಗಳನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದಿದ್ದಳು. ಟ್ರಂಕು ಇಳಿಸುವ ಮುಂಚೆ ಅವನ್ನು ಇಳಿಸಿಕೊಂಡಳು.

ನಾನು ಮೊದಮೊದಲು ಅವಳನ್ನು ನೀವು ತಾವು ಎಂದು ಮಾತಾಡಿಸುತ್ತಿದ್ದೆ. ಒಂದು ದಿನ ಗದರಿದಳು. "ನೀವು ಗೀವು ಅಂದ್ರೆ ಯಾರೋ ಆಪೀಸ್ನೋರು ಬಂದಂಗಾಯ್ತದೆ ಕಣಮ್ಮಿ. ನೀನು ಅನ್ನು. ನಾನೇನ್ ನಿಮ್ಮನೆ ನೆಂಟ್ಳಾ?" ಅಂದಿನಿಂದ ನೀನು ಎಂದೆ. ನನಗೆ ಒಡಹುಟ್ಟಿದ ಅಕ್ಕಂದಿರಿಲ್ಲ. ಇವಳೇ ಆದಳು.

ಹಟ್ಟಿಯ ಪಕ್ಕದಲ್ಲಿದ್ದ ಹಳೆಯ ಉಗ್ರಾಣವನ್ನು ಅಕ್ಕ ಹುಳದ ಮನೆ ಮಾಡಿಕೊಂಡಳು. ಅದರಲ್ಲಿ ಎರಡು ಕೋಣೆ: ಮುಂದಿನದು, ಒಳಗಿನದು. ಮುಂದಿನದರ ಮೂಲೆಯಲ್ಲಿ ಸೊಪ್ಪಿನ ರಾಶಿ. ಅರ್ಧ ಎಕರೆ ಹಿಪ್ಪುನೇರಳೆ ಹಾಕಿಸಿದಳು. ಹುಳದ ಮನೆಯ ಕಾನೂನುಗಳು ಗುಡಿಯ ಕಾನೂನುಗಳಿಗಿಂತ ಕಠಿಣ. ಚಪ್ಪಲಿ ಹೊರಗೆ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ತೊಳೆದು ಒಳಗೆ. ಒಗ್ಗರಣೆಯ ಘಾಟು ಆ ಕಡೆ ಹೋಗಬಾರದು. ಹೂ ಮುಡಿದು, ಪೌಡರು ಹಾಕಿಕೊಂಡು ಹೋಗಬಾರದು. ಮುಟ್ಟಾದವರು, ಸಾವಿನ ಮನೆಗೆ ಹೋಗಿಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟಬಾರದು. ಈ ಕೊನೆಯದಕ್ಕೆ ನಾನು ಬೆನ್ನ ಹಿಂದೆ ನಗುತ್ತಿದ್ದೆ. ಆದರೆ ಅಕ್ಕನ ಹುಳಕ್ಕೆ ರೋಗ ಬಂದದ್ದು ನಾನು ನೋಡಿರಲಿಲ್ಲ. ಸುತ್ತಲಿನವರು ಹಾಲುರೋಗ, ಸಪ್ಪೆರೋಗ ಎಂದು ಬೆಳೆಗೆ ಬೆಳೆ ಕಳೆದುಕೊಂಡಾಗಲೂ ಅಕ್ಕನ ಗೂಡು ಬೆಳ್ಳಗೆ, ಗಟ್ಟಿಯಾಗಿ ಇಳಿಯುತ್ತಿತ್ತು. "ಆವಮ್ಮನ ಕೈ ಬರೀ ಕೈಯಲ್ಲ, ಚಿನ್ನ" ಎನ್ನುತ್ತಿದ್ದರು ಊರಿನ ಹೆಂಗಸರು. ತಮ್ಮ ಮನೆಗೆ ಚಾಕಿ, ಅಂದರೆ ಸಾಕಲು ತರಿಸುವ ಎಳೆಹುಳ, ಬಂದ ದಿನ ಅಕ್ಕನನ್ನು ಕರೆದುಕೊಂಡು ಹೋಗಿ ಮೊದಲ ಸೊಪ್ಪು ಅವಳ ಕೈಯಿಂದಲೇ ಹಾಕಿಸುತ್ತಿದ್ದರು. ವಿಧವೆಯನ್ನು ಯಾವ ಶುಭಕ್ಕೂ ಮುಂದೆ ನಿಲ್ಲಿಸದ ಊರಿನಲ್ಲಿ ಅವಳಿಗೆ ಇದೊಂದು ಜಾಗ ಸಿಕ್ಕಿತ್ತು. ಆ ದಿನಗಳಲ್ಲಿ ಅವಳು ಸೀರೆ ಉಡುವ ರೀತಿಯೇ ಬೇರೆ.

ಇಷ್ಟೊಂದು ಪ್ರಾಣಿಗಳು ಒಂದೇ ಅಂಗಳದಲ್ಲಿದ್ದರೆ ಒಬ್ಬರಿಗೆ ಊಟ ಇನ್ನೊಬ್ಬರಿಗೆ ಕೇಡು. ಹುಳ ತಿಂದು ಬಿಟ್ಟ ಕಡ್ಡಿ ಮೇಕೆಗೆ ಹಬ್ಬ. ಹುಳವೇ ಸಿಕ್ಕಿದರೆ ಕೋಳಿಗೆ ಹಬ್ಬ. ಹಸುವಿಗೆ ರಕ್ತ ಹೀರುವ ಉಣ್ಣೆ ಹತ್ತಿದಾಗ ಹಚ್ಚುವ ಔಷಧಿ ಹುಳಕ್ಕೆ ವಿಷ. ಅದರ ಗಾಳಿ ಸೋಕಿದರೂ ಸಾಕು. ಅದಕ್ಕೇ ಅಕ್ಕನ ಇನ್ನೊಂದು ಕಾನೂನು: ಹುಳ ಮನೆಯಲ್ಲಿರುವಾಗ ಉಣ್ಣೆ ಔಷಧಿಯ ಬಾಟಲಿ ಮುಚ್ಚಳ ತೆಗೆಯಕೂಡದು. ಒಂದು ಬೆಳೆ ಇಳಿದು ಇನ್ನೊಂದು ಚಾಕಿ ಬರುವ ನಡುವಿನ ವಾರದಲ್ಲಿ ಏನು ಬೇಕೋ ಮಾಡಿಕೊಳ್ಳಿ.

ಈಗ ನಾಯಿ. ಅದು ಹುಣಸೆಮರದ ಹತ್ತಿರ ಯಾರೋ ಬಿಟ್ಟುಹೋದ ಮರಿ. ಕಂದು ಬಣ್ಣ, ಒಂದು ಕಿವಿ ಮೇಲೆ, ಒಂದು ಕೆಳಗೆ. ನಾನು ಸೆರಗಿನಲ್ಲಿ ಸುತ್ತಿಕೊಂಡು ತಂದೆ. ಅಕ್ಕನಿಗೆ ಅದು ಕಣ್ಣಿಗೆ ಬೀಳುವ ಹಾಗಿರಲಿಲ್ಲ. ಹುಳದ ಮನೆಯ ನೆರಳಿನಲ್ಲೇ ಮಲಗುತ್ತಿತ್ತು, ಹಿಪ್ಪುನೇರಳೆ ಸಾಲಿನಲ್ಲೇ ಹೊರಳುತ್ತಿತ್ತು. "ನಾಯ್ ಸಾಕೋದಾದ್ರೆ ನಾಯ್ ಸಾಕಿ, ಹುಳ ಸಾಕೋದಾದ್ರೆ ಹುಳ ಸಾಕಿ. ಎರಡೂ ಆಗಾಕಿಲ್ಲ" ಎಂದು ಒಂದು ಸಲ ತಮ್ಮನ ಮುಂದೆ ಪಂಚಾಯ್ತಿ ಇಟ್ಟಳು. ಅವರು ಎಂದಿನಂತೆ ಇಬ್ಬರ ಮುಖವನ್ನೂ ನೋಡಿ ಸ್ನಾನಕ್ಕೆ ಹೋದರು. ನಾಯಿ ಉಳಿಯಿತು. ಆದರೆ ಅಕ್ಕ ಹೇಳಿದ್ದಳು, "ಈ ನಾಯಿಂದ ನನ್ ಹುಳಕ್ಕೇನಾರ ಆಗ್ಲಿ, ಆವತ್ತೇ ಕೊನೆ. ನಾನೇ ಕೊಂಡೋಗಿ ಕನಕಪುರದ ಬಸ್‌ಸ್ಟ್ಯಾಂಡಲ್ಲಿ ಬುಟ್ಟುಬತ್ತೀನಿ." ಅವಳು ಹೇಳಿದರೆ ಮಾಡುವವಳು.

ಮೂರು ವರ್ಷದ ಹಿಂದಿನ ಬೇಸಿಗೆ. ಅಕ್ಕ ಎರಡು ಕೋಣೆ ತುಂಬ ಹುಳ ಇಟ್ಟಿದ್ದಳು. ಹುಳ ಪೊರೆ ಬಿಡಲು ತಲೆಯೆತ್ತಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದರೆ ಮುಗಿಯಿತು, ಅಲ್ಲಿಂದ ಒಂದು ವಾರ ಹಗಲು ರಾತ್ರಿ ತಿಂದು ಹಣ್ಣಾಗುತ್ತವೆ. ಮುಂದಿನ ಕೋಣೆಯ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಒಳಗಿನವು ಒಂದು ದಿನ ಹಿಂದೆ, ಇನ್ನೂ ಜ್ವರದಲ್ಲೇ ಕೂತಿದ್ದವು. ಅಂಥ ದಿನ ಬೆಳಿಗ್ಗೆ ಉಯ್ಯಂಬಳ್ಳಿಯಿಂದ ಫೋನು ಬಂತು, ಅಕ್ಕನ ವಾರಗಿತ್ತಿ ಹೋಗಿಬಿಟ್ಟಿದ್ದಳು. ಅಕ್ಕ ಹೋಗಲೇಬೇಕು. ಹೊರಡುವಾಗ ಹುಳದ ಮನೆಯ ಬಾಗಿಲು ಮೂರು ಸಲ ನೋಡಿದಳು. "ಮಧ್ಯಾನ್ದ ಸೊಪ್ಪು ನಾನೇ ಕುಯ್ದಿಟ್ಟಿವ್ನಿ. ಸಾಯಂಕಾಲಕ್ಕೆ ನೀನ್ ಕುಯ್ದು ರಾಸಿ ಹಾಕು. ಬಾಡದಂಗೆ ಗೋಣಿತಾಟು ನೆನ್ಸಿ ಮುಚ್ಚು. ಒಳಗಡೆವಕ್ಕೆ ಹಾಕ್ಬೇಡ, ಅವು ಎದ್ದಿಲ್ಲ." ಅಷ್ಟು ಹೇಳಿ ಹೋದಳು.

ಆ ದಿನಗಳಲ್ಲಿ ನಾಯಿಯ ಮೈಯೆಲ್ಲ ಉಣ್ಣೆ. ಕಿವಿಯೊಳಗೆ ಗೊಂಚಲು ಗೊಂಚಲು. ಕೆರೆದುಕೊಂಡು ಕೆರೆದುಕೊಂಡು ಕುತ್ತಿಗೆ ಹುಣ್ಣಾಗಿತ್ತು, ಅನ್ನ ಬಿಟ್ಟಿತ್ತು. ಹುಳ ಇಳಿಯಲು ಇನ್ನೂ ಹತ್ತು ದಿನ ಬೇಕು. ಅಲ್ಲಿಯತನಕ ಅದನ್ನು ಆ ಸ್ಥಿತಿಯಲ್ಲಿ ನೋಡುವುದು ನನ್ನಿಂದ ಆಗಲಿಲ್ಲ. ಅಕ್ಕ ಮನೆಯಲ್ಲಿರಲಿಲ್ಲ. ನಾನು ಬಾಟಲಿಯ ಮುಚ್ಚಳ ತೆಗೆದೆ.

ತುಂಬ ಜಾಣತನದಿಂದಲೇ ಮಾಡಿದೆ ಎಂದುಕೊಂಡಿದ್ದೆ. ಗಾಳಿ ಹುಳದ ಮನೆಯ ಕಡೆ ಬೀಸುತ್ತಿಲ್ಲ ಎಂದು ಧೂಳು ಹಾರಿಸಿ ನೋಡಿದೆ. ಜಮೀನಿನ ಆ ತುದಿಗೆ, ಬಂಡೆಯ ಹಿಂದಕ್ಕೆ ನಾಯಿಯನ್ನು ಕರೆದೊಯ್ದೆ. ಬಕೆಟ್ಟಿನಲ್ಲಿ ಔಷಧಿ ಕಲಸಿ ಒಂದು ಹಳೇ ಗೋಣಿತಾಟಿನಿಂದ ಮೈಯುಜ್ಜಿ ಒರೆಸಿದೆ. ನಾಯಿಯನ್ನು ಅಲ್ಲೇ ಕಟ್ಟಿಹಾಕಿದೆ. ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ, ತಲೆಗೆ ನೀರು ಹಾಕಿಕೊಂಡೆ, ಸೀರೆ ಬದಲಿಸಿದೆ. ಬಕೆಟ್ಟನ್ನು ತೊಳೆದು ಬೋರಲು ಹಾಕಿದೆ. ಗೋಣಿತಾಟನ್ನು ಮಾತ್ರ ಬರುವಾಗ ಬೇಲಿಯ ಮೇಲೆ ಒಣಹಾಕಿದ್ದೆ. ಬೇಲಿಯ ಮೇಲೆ ಆಗಲೇ ಮೂರು ನಾಲ್ಕು ತಾಟು ಇದ್ದವು. ಮೂರು ಗಂಟೆಗೆ ಸೊಪ್ಪು ಕುಯ್ದು ತಂದು ರಾಶಿ ಹಾಕಿದವಳು, ರೂಢಿಯ ಮೇಲೆ ಬೇಲಿಗೆ ಕೈಹಾಕಿ ಸಿಕ್ಕಿದ ಎರಡು ತಾಟು ಎಳೆದು, ನೀರಿನಲ್ಲಿ ಅದ್ದಿ ಸೊಪ್ಪಿನ ಮೇಲೆ ಹೊದಿಸಿದೆ.

ಐದು ಗಂಟೆಗೆ ಅಕ್ಕ ಬಂದಳು. ಅತ್ತು ಮುಖ ಊದಿತ್ತು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹುಳದ ಮನೆಯ ಬಾಗಿಲು ಸಿಗುತ್ತದೆ. ಒಂದು ಗಳಿಗೆ ನಿಂತು, ಬಾಗಿಲು ತಳ್ಳಿ ತಲೆ ಒಳಗೆ ಹಾಕಿ ನೋಡಿ, ಬೆಚ್ಚಿದವಳ ಹಾಗೆ ಹಿಂದೆ ಸರಿದಳು. ಆಮೇಲೆ ಸ್ನಾನ ಮಾಡಿ, ಮಡಿಯುಟ್ಟು, ರಾಶಿಯಿಂದ ಸೊಪ್ಪು ತೆಗೆದು ಮುಂದಿನ ಕೋಣೆಯ ಹುಳಕ್ಕೆ ಹಾಕಿದಳು. ಹುಳ ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಹಿಡಿದ ಹಾಗೆ, ಅಡುಗೆಮನೆಯವರೆಗೂ ಕೇಳುತ್ತದೆ. ಅವತ್ತು ಆ ಸದ್ದು ಬೇಗ ನಿಂತಿತು. ನಾನು ಗಮನಿಸಲಿಲ್ಲ.

ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಅಕ್ಕ ಕೂಗಿದ ರೀತಿಗೆ ಹಸುವೂ ಬೆಚ್ಚಿತು. ಹೋಗಿ ನೋಡಿದೆ. ಹುಳಗಳು ತಲೆಯೆತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ರಸ ಕಾರುತ್ತಿದ್ದವು. ಕೆಲವು ಆಗಲೇ ಗಿಡ್ಡಗಾಗಿ ತಟ್ಟೆಯ ಅಂಚಿನಿಂದ ನೆಲಕ್ಕೆ ಬಿದ್ದಿದ್ದವು. ಅಕ್ಕ ಒಂದೊಂದನ್ನೇ ಅಂಗೈಯಲ್ಲಿ ಎತ್ತಿ ನೋಡಿ ಕೆಳಗಿಡುತ್ತಿದ್ದಳು. ನನ್ನ ಕಣ್ಣು ರಾಶಿಯ ಕಡೆ ಹೋಯಿತು. ತಾಟು ಮಡಿಸಿ ಪಕ್ಕಕ್ಕಿಟ್ಟಿದ್ದಳು. ಅದರಲ್ಲೊಂದಕ್ಕೆ ಕಂದು ಕೂದಲು ಅಂಟಿತ್ತು.

ಆಗಲೇ ಗೊತ್ತಾಯಿತು. ಅನುಮಾನವಲ್ಲ, ಗೊತ್ತೇ ಆಯಿತು. ಇದನ್ನು ಈಗ ಒತ್ತಿ ಬರೆಯುವುದಕ್ಕೆ ಕಾರಣವಿದೆ. ಅಕ್ಕ ಸತ್ತ ಹುಳವನ್ನು ಗುಡಿಸಿ ಹೊರಗೆ ಹಾಕುತ್ತಿದ್ದಂತೆ ಕೋಳಿಗಳು ಓಡಿಬಂದವು. ನಾನು ಹುಚ್ಚಿಯ ಹಾಗೆ ಓಡಿ ಒಂದೊಂದನ್ನೂ ಅಟ್ಟಿ ಗೂಡಿಗೆ ತುಂಬಿ ಬಾಗಿಲು ಹಾಕಿದೆ. ಮೇಕೆಗೆ ಹಾಕಲು ಪಕ್ಕಕ್ಕಿಟ್ಟಿದ್ದ ಕಡ್ಡಿಗಳನ್ನು ಎಳೆದೊಯ್ದು ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ಯಾರೂ ಹೇಳದೆ ಇಷ್ಟನ್ನೂ ಮಾಡಿದೆ. ನನ್ನ ಕೋಳಿ, ನನ್ನ ಮೇಕೆ ಸಾಯಬಾರದು ಎಂದು ತಲೆ ಅಷ್ಟು ಚುರುಕಾಗಿ ಓಡಿತ್ತು.

ತಿರುಗಿ ಬಂದಾಗ ಅಕ್ಕ ಬುಟ್ಟಿಗೆ ಸೊಪ್ಪು ತುಂಬುತ್ತಿದ್ದಳು. ಅದೇ ರಾಶಿಯಿಂದ. "ಒಳಗಡೆವು ಎದ್ದವೆ ಕಣಮ್ಮಿ. ಅವಕ್ಕೇನೂ ಆಗಿಲ್ಲ. ಹಸ್ಕೊಂಡವೆ. ಅವಾದ್ರೂ ಉಳೀಲಿ ನಮ್ಮವ್ವಾ" ಎಂದಳು. ಬುಟ್ಟಿ ಸೊಂಟಕ್ಕಿಟ್ಟುಕೊಂಡು ನನ್ನ ಪಕ್ಕದಲ್ಲೇ ಹಾದು ಒಳಕೋಣೆಗೆ ಹೋದಳು.

ಬಾಯಿ ಬಿಡಬೇಕಿತ್ತು. "ಬೇಡ ಅಕ್ಕ, ಆ ಸೊಪ್ಪು ಬೇಡ" ಎಂದರೆ ಸಾಕಿತ್ತು. ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ಹೇಳಿದರೆ ನಾಯಿ ಕನಕಪುರದ ಬಸ್‌ಸ್ಟ್ಯಾಂಡಿಗೆ. ಹತ್ತು ವರ್ಷದಿಂದ ಕಟ್ಟಿಕೊಂಡ ನನ್ನ ಜಂಬ ಗುಂಡಿಗೆ. ಪೇಟೆಯವಳು ಕೊನೆಗೂ ಪೇಟೆಯವಳೇ ಅನ್ನಿಸಿಕೊಳ್ಳಬೇಕು. ಇದೆಲ್ಲ ಆ ಒಂದು ನಿಮಿಷದಲ್ಲಿ ಯೋಚಿಸಿದೆ ಎಂದು ಹೇಳಲಾರೆ. ಸುಮ್ಮನೆ ಬಾಗಿಲ ಹತ್ತಿರ ನಿಂತಿದ್ದೆ. ಕೆಳಗಿನ ಸೊಪ್ಪಿಗೆ ತಾಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗಿನಿಂದ ಹುಳ ಸೊಪ್ಪು ತಿನ್ನುವ ಸದ್ದು ಶುರುವಾಯಿತು.

ಮಧ್ಯಾಹ್ನದ ಹೊತ್ತಿಗೆ ಅವೂ ತಲೆ ಆಡಿಸತೊಡಗಿದವು.

ಸಂಜೆ ಗಂಡ ಬಂದು ನೋಡಿದರು. "ಇದು ಔಷಧಿ ಹೊಡೆದಿರೋ ಥರ ಐತೆ. ಪಕ್ಕದೋರು ಯಾರಾರ ಟೊಮೊಟೊಗೆ ಹೊಡೆದ್ರಾ?" ಎಂದು ನನ್ನನ್ನೇ ಕೇಳಿದರು. "ಯಾರೂ ಹೊಡೆದಿಲ್ಲ" ಎಂದೆ. ಆ ಮಾತು ನಿಜವೇ ಆಗಿತ್ತು, ಅದಕ್ಕೇ ಅಷ್ಟು ಸಲೀಸಾಗಿ ಬಂತು. ಅಕ್ಕ ಗೋಡೆಗೊರಗಿ ಕೂತಿದ್ದಳು. "ಔಸ್ದಿನೂ ಅಲ್ಲ ಗೀಸ್ದಿನೂ ಅಲ್ಲ ಕಣ್ಲಾ. ನಾನು ಸಾವಿನ್ ಮನೆಯಿಂದ ಬಂದೋಳು, ನೀರ್ ಹಾಕ್ಕೊಳ್ದೆ ಬಾಗ್ಲು ತೆಗ್ದು ಇಣುಕ್ಬುಟ್ಟೆ. ನಾನೇ ಕೊಂದೆ" ಎಂದಳು. ಅವರು ಬೈದರು, ಅದೆಲ್ಲ ಮೂಢನಂಬಿಕೆ ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ಅಲ್ಲಿಗೆ ನಿಂತಿತು. ಮುಂದಿನ ತಿಂಗಳು ಚಾಕಿ ತರಿಸಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಹಿಪ್ಪುನೇರಳೆ ಆಳೆತ್ತರ ಬೆಳೆಯಿತು. ನಾನು ಕುಯ್ದು ಹಸುವಿಗೆ ಹಾಕಿದೆ. ಊರಿನ ಹೆಂಗಸರು ಚಾಕಿ ಬಂದ ದಿನ ಕರೆಯಲು ಬಂದರೆ ಅಕ್ಕ ಕೈ ಮುಗಿದು ಕಳಿಸುತ್ತಿದ್ದಳು. "ನನ್ ಕೈ ಕೆಟ್ಟೋಗದೆ. ನಿಮ್ಮನೆ ಹುಳನಾದ್ರೂ ಚೆನ್ನಾಗಿರ್ಲಿ ಹೋಗ್ರವ್ವ." ಮೂರು ನಾಲ್ಕು ಸಲ ಬಂದರು. ಆಮೇಲೆ ಅವರೂ ಬಿಟ್ಟರು. ಬರುವುದನ್ನು ಬಿಟ್ಟ ಮೇಲೆ ಅವಳ ಮಾತು ನಿಜವೆಂದು ಅವರೂ ನಂಬಿದ ಹಾಗಾಯಿತು.

ಅವಳು ಎಲ್ಲದರಿಂದ ಕೈ ಹಿಂದೆ ತೆಗೆದುಕೊಳ್ಳುವುದನ್ನು ದಿನಾ ನೋಡಿದೆ. ಹೆಪ್ಪು ಹಾಕುವುದನ್ನು ನನಗೆ ಬಿಟ್ಟಳು. ಕರು ಹಾಕುವ ಹಸುವಿನ ಹತ್ತಿರ ಬರುತ್ತಿರಲಿಲ್ಲ. ಕೋಳಿಗೆ ಕಾವಿಗೆ ಮೊಟ್ಟೆ ಇಡುವಾಗ "ನೀನೇ ಇಡು ಕಣಮ್ಮಿ" ಎನ್ನುತ್ತಿದ್ದಳು. ನನ್ನ ನಾಲಿಗೆಯ ತುದಿಯವರೆಗೆ ಎಷ್ಟೋ ಸಲ ಬಂದಿತ್ತು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ದಿನ ಕಳೆದಷ್ಟೂ, ಹುಳ ಸತ್ತದ್ದರ ಜೊತೆಗೆ ನಾನು ಹೇಳದೇ ಇದ್ದದ್ದನ್ನೂ ಹೇಳಬೇಕಾಗಿತ್ತು. ಆ ಎರಡನೆಯದು ದಿನೇ ದಿನೇ ದೊಡ್ಡದಾಗುತ್ತಿತ್ತು. ನಾನು ಹೇಡಿ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಈ ನಡುವೆ ನಾಯಿ ಅಕ್ಕನದಾಯಿತು. ಹೇಗೆ ಎಂದು ಗೊತ್ತಿಲ್ಲ. ಕೆಲಸವಿಲ್ಲದೆ ಜಗುಲಿಯಲ್ಲಿ ಕೂರುತ್ತಿದ್ದವಳ ಪಕ್ಕದಲ್ಲಿ ಅದೂ ಹೋಗಿ ಕೂರುತ್ತಿತ್ತು. ಮೊದಲು ಕಾಲಿನಿಂದ ತಳ್ಳುತ್ತಿದ್ದಳು. ಆಮೇಲೆ ತಳ್ಳುವುದನ್ನು ಬಿಟ್ಟಳು. ಒಂದು ದಿನ ನೋಡಿದರೆ ತನ್ನ ಮುದ್ದೆಯಲ್ಲಿ ಮೂಲೆ ಮುರಿದು ಸಾರಿನಲ್ಲಿ ಹೊರಳಿಸಿ ಹಾಕುತ್ತಿದ್ದಾಳೆ. "ಇದ್ಕೆ ನಾನ್ ಏನ್ ಮಾಡಿದ್ರೂ ಏನೂ ಆಗಾಕಿಲ್ಲ, ಮೂದೇವಿ ನಾಯಿ" ಎಂದು ಬೈಯುತ್ತ ಕಿವಿ ಕೆರೆಯುತ್ತಿದ್ದಳು. ಅವಳು ತನ್ನ ಕೈಯಿಂದ ಧೈರ್ಯವಾಗಿ ಮುಟ್ಟುತ್ತಿದ್ದ ಒಂದೇ ಜೀವ ಅದಾಗಿತ್ತು. ಇಬ್ಬರೂ ಬೆಳಿಗ್ಗೆ ಬಂಡೆಯವರೆಗೆ ಹೋಗಿ ಬರುತ್ತಿದ್ದರು.

ಆ ಬಾಟಲಿಯನ್ನು ನಾನು ಆ ವಾರವೇ ಹೂತುಹಾಕಿದ್ದೆ. ಅಂಥದ್ದು ಇನ್ನೊಂದು ಮನೆಗೆ ಬರಲು ಬಿಡಲಿಲ್ಲ. ಅಂಗಡಿಯಲ್ಲಿ ಅದರ ವಾಸನೆ ಬಂದರೆ ಹೊರಗೆ ಬಂದು ನಿಲ್ಲುತ್ತಿದ್ದೆ. ಮನೆಯಲ್ಲಿ ಹುಳವೇ ಇಲ್ಲದಿದ್ದರೂ, ಹಸುವಿಗೂ ನಾಯಿಗೂ ಉಣ್ಣೆಯನ್ನು ಕೈಯಲ್ಲೇ ಕಿತ್ತು ಸೀಮೆಎಣ್ಣೆ ಹಾಕಿದ ಚಿಪ್ಪಿಗೆ ಹಾಕುತ್ತಿದ್ದೆವು. ನಾಯಿಯದು ಅಕ್ಕನ ಪಾಲು. ಕನ್ನಡಕ ಹಾಕಿಕೊಂಡು ಗಂಟೆಗಟ್ಟಲೆ ಕೂತು ಕೀಳುತ್ತಿದ್ದಳು.

ಎರಡು ತಿಂಗಳ ಹಿಂದೆ ನಾಯಿ ಮಂಕಾಯಿತು. ಮುದ್ದೆ ಮೂಸಿ ಬಿಟ್ಟಿತು. ಒಸಡು ಬೆಳ್ಳಗಾಗಿ, ಮೂಗಿನಲ್ಲಿ ರಕ್ತ ಬಂತು. ಆಟೋದಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಉಣ್ಣೆಯಿಂದ ಬರೋ ಜ್ವರ ಇದು. ಔಷಧಿ ಹಾಕಿ ಉಣ್ಣೆ ಕಂಟ್ರೋಲ್ ಮಾಡ್ಬೇಕಿತ್ತಲ್ಲಮ್ಮ, ಕೈಲಿ ಕಿತ್ರೆ ಎಷ್ಟು ಅಂತ ಕೀಳ್ತೀರಿ? ಒಸಿ ಮುಂಚೆ ಬಂದಿದ್ರೂ ಆಗ್ತಿತ್ತು" ಎಂದರು. ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಮಧ್ಯಾಹ್ನ, ಅಕ್ಕನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋಯಿತು.

ಹೊಂಗೆಮರದ ಕೆಳಗೆ ನಾನು ಗುಂಡಿ ತೆಗೆದೆ. ಗಂಡ ಕೆಲಸಕ್ಕೆ ಹೋಗಿದ್ದರು. ಅಕ್ಕ ನಾಯಿಗೆ ತನ್ನದೊಂದು ಹಳೇ ಸೀರೆ ಸುತ್ತಿದಳು. ಮಣ್ಣು ಹಾಕುವಾಗ ಅವಳು ಮುಟ್ಟಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದೂರ ನಿಂತಳು. "ಕೀಳೋದ್ರಲ್ಲಿ ನಾನೆಲ್ಲೋ ಬುಟ್ಟಿವ್ನಿ ಕಣಮ್ಮಿ" ಎಂದಳು. "ನನ್ ಕೈ ಸೋಕಿದ್ದು ಯಾವ್ದೂ ಉಳಿಯಾಕಿಲ್ಲ. ಇನ್ಮೇಲೆ ಹಸಾನೂ ಮುಟ್ಟಾಕಿಲ್ಲ ನಾನು. ನಿನ್ ಜೀವ್ನ ಹಾಳಾಗದು ಬ್ಯಾಡ."

ಗುದ್ದಲಿ ಕೆಳಗೆ ಹಾಕಿದೆ. ನನಗೆ ಅಲ್ಲಿಂದ ಮುಂದೆ ತಡೆಯಲು ಆಗಲಿಲ್ಲ. ಗುಂಡಿಯ ಪಕ್ಕದಲ್ಲಿ ಮಣ್ಣುಗೈಯಲ್ಲೇ ನಿಂತು ಎಲ್ಲ ಹೇಳಿದೆ. ಬಾಟಲಿ, ಬಂಡೆಯ ಹಿಂದೆ, ಗೋಣಿತಾಟು, ಕೂದಲು. ಔಷಧಿಯ ಹೆದರಿಕೆಯಿಂದಲೇ ನಾಯಿಗೆ ಔಷಧಿ ಹಾಕಲಿಲ್ಲ ಎಂಬುದನ್ನೂ ಹೇಳಿದೆ. ನಿನ್ನ ಕೈಗೆ ಏನೂ ಆಗಿಲ್ಲ ಅಕ್ಕ, ಹುಳವನ್ನೂ ನಾಯಿಯನ್ನೂ ಕೊಂದವಳು ನಾನು ಎಂದೆ. ಅಳುತ್ತಿದ್ದೆ. ಅವಳು ಬೈದರೆ, ಹೊಡೆದರೆ ಚೆನ್ನಾಗಿರುತ್ತದೆ ಎನ್ನಿಸಿತ್ತು.

ಅವಳು ಬೈಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

"ಒಳಗಡೆ ಹುಳಕ್ಕೆ ನಾನ್ ಸೊಪ್ಪು ಹಾಕಕ್ಕೋದಾಗ ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಆಮೇಲೆ ತಿಳಿಯಿತು ಎನ್ನಬಹುದಿತ್ತು. ಗೋಣಿತಾಟಿನ ತಪ್ಪು ಯಾರಿಗಾದರೂ ಆಗುವಂಥದ್ದು, ಅದನ್ನು ಅವಳು ಕ್ಷಮಿಸುತ್ತಿದ್ದಳು ಎಂದು ನನಗೀಗಲೂ ಅನ್ನಿಸುತ್ತದೆ.

"ಗೊತ್ತಿತ್ತು" ಎಂದೆ.

ಅವಳು ಕಂಕುಳಿಂದ ಕೈ ತೆಗೆದಳು. ಎರಡೂ ಅಂಗೈಯನ್ನು ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಗ್ಗಿ ನಾಯಿಯ ಮೇಲೆ ಮಣ್ಣು ಎಳೆದಳು. ಇಬ್ಬರೂ ಸೇರಿ ಗುಂಡಿ ಮುಚ್ಚಿದೆವು.

ತಿಂಗಳು ಕಳೆಯುವುದರೊಳಗೆ ಅಕ್ಕ ಹುಳದ ಮನೆಗೆ ಸುಣ್ಣ ಹೊಡೆಸಿದಳು. ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿದಳು. ತಮ್ಮನಿಗೆ ಹೇಳಿ ಚಾಕಿ ತರಿಸಿದಳು. ಅವರಿಗೆ ಎಲ್ಲಿಲ್ಲದ ಸಂತೋಷ. "ಅಂತೂ ನಮ್ಮಕ್ಕನ ತಲೆಯಿಂದ ಭೂತ ಇಳೀತು" ಎಂದು ನನ್ನ ಹತ್ತಿರ ನಕ್ಕರು. ಅಕ್ಕ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಈಗಲೂ ಅವರಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ನನ್ನ ಜೊತೆ ಅಕ್ಕನ ಮಾತು ನಿಂತಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತೇವೆ. ಹಸುವಿನ ವಿಷಯ, ಮಳೆಯ ವಿಷಯ, ಬೆಕ್ಕು ಮರಿ ಹಾಕಿದ ವಿಷಯ ಮಾತಾಡುತ್ತೇವೆ. ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟು ಹಣೆಗೆ ಪಟ್ಟಿ ಹಾಕಿದಳು. ಆದರೆ ಹಿಪ್ಪುನೇರಳೆಯನ್ನು ತಾನೇ ಕುಯ್ಯುತ್ತಾಳೆ. ಒಂದು ದಿನ ಸೊಪ್ಪಿನ ಬುಟ್ಟಿ ಎತ್ತಿಕೊಡಲು ಹೋದೆ. "ಇರ್ಲಿ ಬುಡು" ಎಂದಳು. ಗದರಲಿಲ್ಲ, ಮೆತ್ತಗೆಯೇ ಹೇಳಿದಳು. ಅಂದಿನಿಂದ ನಾನು ಹುಳದ ಮನೆಯ ಹೊಸಿಲು ದಾಟಿಲ್ಲ.

ಹೋದ ವಾರ ಹುಳ ಹಣ್ಣಾದವು. ಹಣ್ಣಾದ ದಿನ ಎಷ್ಟು ಕೈ ಇದ್ದರೂ ಸಾಲದು. ಮೈ ಹಳದಿಗೆ ತಿರುಗಿದ ಹುಳವನ್ನು ಒಂದೊಂದೇ ಆಯ್ದು ಸಂಜೆಯೊಳಗೆ ಚಂದ್ರಿಕೆಗೆ ಬಿಡಬೇಕು. ಅದಕ್ಕೇ ನಮ್ಮಲ್ಲಿ ಒಬ್ಬರ ಮನೆಯಲ್ಲಿ ಹುಳ ಹಣ್ಣಾದರೆ ಸುತ್ತಲ ಮನೆಯ ಹೆಂಗಸರೆಲ್ಲ ಕೈಕಾಲು ತೊಳೆದು ಬಂದು ಕೂರುತ್ತಾರೆ. ಅಕ್ಕ ಹೋಗಿ ಎಲ್ಲರನ್ನೂ ಕರೆದು ಬಂದಳು. ಎಂಟು ಜನ ಬಂದರು. ಅಕ್ಕನ ಕೈ ಮತ್ತೆ ಸರಿಹೋಯಿತೆಂದು ಅವರಿಗೂ ಖುಷಿ. ನಾನು ಅಡುಗೆಮನೆಯಲ್ಲಿ ಅಷ್ಟು ಜನಕ್ಕೂ ಮುದ್ದೆ ತೊಳಸುತ್ತಿದ್ದೆ. ಒಗ್ಗರಣೆ ಹಾಕದೆ ಬಸ್ಸಾರು ಮಾಡಿದ್ದೆ. ಕಿಟಕಿಯಿಂದ ಅವರ ನಗು, ಮಾತು ಎಲ್ಲ ಕೇಳುತ್ತಿತ್ತು.

ಯಾರೋ ಕೇಳಿದರು, "ಎಲ್ಲವ್ವ ನಿನ್ ತಮ್ಮನ್ ಹೆಂಡ್ತಿ? ಮನೆಯೋಳೇ ಬಂದಿಲ್ವಲ್ಲ?"

ನಾನು ಮುದ್ದೆ ಕೋಲು ಹಿಡಿದು ನಿಂತುಬಿಟ್ಟೆ. ಆಮೇಲೆ ಅಕ್ಕನ ದನಿ ಬಂತು.

"ಅವ್ಳಿಗೆ ದನ ಮೇಕೆ ಕೆಲ್ಸವೇ ಸಾಕಷ್ಟೈತೆ ಕಣ್ರವ್ವ. ಪಾಪ, ಒಬ್ಳೇ ಎಷ್ಟೂಂತ ಮಾಡ್ತಾಳೆ."